ಕಯಾಕ್ ಗಾಡಿ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಕಾರವಾರದ ಮರಳಿನಲ್ಲಿ ಕಲಿತದ್ದು

ಬೆಳಿಗ್ಗೆ ಕೋಡಿಬಾಗದ ಕಡೆ ಕಯಾಕನ್ನು, ಅಂದರೆ ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರುದೋಣಿಯನ್ನು, ಎರಡು ಚಕ್ರದ ಗಾಡಿಯ ಮೇಲೆ ಎಳೆದುಕೊಂಡು ಹೋಗುವಾಗ ಯಾರಾದರೂ ಒಬ್ಬರು ನಿಲ್ಲಿಸಿ ಕೇಳಿಯೇ ಕೇಳುತ್ತಾರೆ, "ಈ ಗಾಡಿ ಎಲ್ಲಿ ಸಿಕ್ತು?" ಸಿಕ್ಕಿದ್ದಲ್ಲ, ಮಾಡಿಸಿದ್ದು. ಇದು ನನ್ನ ಮೂರನೆಯ ಗಾಡಿ. ಮೊದಲಿನ ಎರಡು ಯಾಕೆ ಹಾಳಾದವು ಅನ್ನುವುದನ್ನು ಗಮನಿಸಿದ್ದರಿಂದಲೇ ಮೂರನೆಯದು ಗಟ್ಟಿಯಾಯಿತು. ಕೇಳಿದವರಿಗೆಲ್ಲ ದಡದಲ್ಲಿ ನಿಂತು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ನೀರಿಗೆ ಇಳಿಯುವವರಿಗೆ ಇದು ಹೆಚ್ಚು ಉಪಯೋಗ. ಘಟ್ಟದ ಮೇಲಿನವರಿಗೂ ಕೆಳಗೆ ಒಂದು ಉತ್ತರ ಇದೆ.

ಗಾಡಿ ನಿಜವಾಗಿಯೂ ಬೇಕಾ? ಇಬ್ಬರು ಆಚೆ ಈಚೆ ಹಿಡಿದರೆ ಆಗೋದಿಲ್ವಾ?

ಇಬ್ಬರು ಯಾವಾಗಲೂ ಇದ್ದರೆ ಆಗುತ್ತದೆ. ಆದರೆ ನಮ್ಮಲ್ಲಿ ಜಾಸ್ತಿ ಜನ ಬೆಳಗಿನ ಜಾವ ಒಬ್ಬರೇ ಹೋಗುವವರು. ಹತ್ತು ಹನ್ನೊಂದು ಅಡಿಯ ಸಾಮಾನ್ಯ ಪ್ಲಾಸ್ಟಿಕ್ ಕಯಾಕ್ 22ರಿಂದ 30 ಕೆ.ಜಿ. ಇರುತ್ತದೆ. ಇಬ್ಬರು ಕೂರುವುದಾದರೆ 30 ದಾಟುತ್ತದೆ. ಅದರ ಮೇಲೆ ಹುಟ್ಟು, ಲೈಫ್ ಜಾಕೆಟ್, ನೀರಿನ ಬಾಟಲಿ, ಗಾಳದ ಸಾಮಾನು, ತಿಂಡಿಯ ಡಬ್ಬ. ಎಲ್ಲ ಸೇರಿದರೆ 40 ಕೆ.ಜಿ. ಆಯಿತು. ಅಷ್ಟನ್ನು ಮರಳಿನಲ್ಲಿ ಇನ್ನೂರು ಮೀಟರ್ ಹೊತ್ತು ನೋಡಿ, ಹುಟ್ಟು ಹಾಕುವ ಮೊದಲೇ ಭುಜ ಸೋತಿರುತ್ತದೆ. ನೆಲದ ಮೇಲೆ ಎಳೆದುಕೊಂಡು ಹೋದರೆ ಹಿಂದಿನ ತುದಿಯ ತಳ ಸವೆದು ತೆಳುವಾಗುತ್ತದೆ. ಕಯಾಕ್ ತೂತಾಗುವುದು ಹೆಚ್ಚಾಗಿ ಅಲ್ಲೇ.

ಮೊದಲು ಏನನ್ನು ನಿರ್ಧರಿಸಬೇಕು? ಫ್ರೇಮಾ, ಚಕ್ರವಾ?

ಚಕ್ರ. ಇದರಲ್ಲಿ ನನಗೆ ಎರಡು ಮಾತಿಲ್ಲ. ಎಲ್ಲರೂ ಫ್ರೇಮ್ ಚಿತ್ರ ಬರೆದುಕೊಂಡು ಬರುತ್ತಾರೆ, ಚಕ್ರ ಆಮೇಲೆ ನೋಡಿದರಾಯಿತು ಅನ್ನುತ್ತಾರೆ. ಹಾಗೆ ಮಾಡಬೇಡಿ. ನೀವು ನಡೆಯುವ ನೆಲ ಯಾವುದು ಅಂತ ನೋಡಿ, ಆ ನೆಲಕ್ಕೆ ಚಕ್ರ ಆರಿಸಿ. ಚಕ್ರದ ಅಗಲಕ್ಕೆ ಆಕ್ಸಲ್ (ಎರಡೂ ಚಕ್ರಕ್ಕೆ ತೂರುವ ರಾಡು), ಆಕ್ಸಲಿನ ಉದ್ದಕ್ಕೆ ಫ್ರೇಮ್. ಕೆಲಸ ಈ ಕ್ರಮದಲ್ಲೇ ನಡೆಯಬೇಕು.

ನನ್ನ ಮೊದಲ ಗಾಡಿಯ ಚಕ್ರ ಎಂಟು ಇಂಚಿನದು, ಗಟ್ಟಿ ಪ್ಲಾಸ್ಟಿಕ್, ಎರಡು ಬೆರಳಿನಷ್ಟು ಅಗಲ. ಮನೆಯ ಅಂಗಳದಲ್ಲಿ ಬೆಣ್ಣೆಯ ಹಾಗೆ ಓಡಿತು. ಟಾಗೋರ್ ಬೀಚಿನಲ್ಲಿ ಹೆದ್ದಾರಿಯ ಬದಿಯಿಂದ ಒಣ ಮರಳಿಗೆ ಇಳಿಸಿದೆ, ಹತ್ತು ಹೆಜ್ಜೆಗೆ ನಿಂತಿತು. ತಿರುಗಿ ನೋಡಿದರೆ ಚಕ್ರ ತಿರುಗುತ್ತಲೇ ಇಲ್ಲ, ಮುಂದೆ ಮರಳನ್ನು ಗುಡ್ಡೆ ಮಾಡಿಕೊಂಡು ಜಾರುತ್ತಿದೆ. ಹಿಂದೆ ಗದ್ದೆ ಉತ್ತ ಹಾಗೆ ಎರಡು ಸಾಲು. ಕೊನೆಗೆ ಗಾಡಿಯನ್ನೂ ಕಯಾಕಿನ ಮೇಲೆ ಇಟ್ಟು ಎಳೆದೆ.

ಕಾರಣ ಸರಳ. ಗಾಳಿ ತುಂಬಿದ ಚಕ್ರ ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಕಯಾಕ್, ಸಾಮಾನು, ಗಾಡಿ ಸೇರಿ 46 ಕೆ.ಜಿ. ಅಂದುಕೊಳ್ಳಿ, ಒಂದು ಚಕ್ರಕ್ಕೆ 23. ಚಕ್ರದಲ್ಲಿ 30 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ಆ 23 ಕೆ.ಜಿ.ಯನ್ನು ಹೊರಲು 11 ಚದರ ಸೆಂ.ಮೀ. ಸಾಕು, ಬೆಂಕಿಪೊಟ್ಟಣಕ್ಕಿಂತ ಕಡಿಮೆ ಜಾಗ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಭಾರ ಬಿದ್ದರೆ ಒಣ ಮರಳು ಬಿಟ್ಟುಕೊಡುತ್ತದೆ, ಚಕ್ರ ಹೂತುಹೋಗುತ್ತದೆ. ಗಾಳಿ 3 ಪಿ.ಎಸ್.ಐ. ಇದ್ದರೆ ಚಕ್ರ ಚಪ್ಪಟೆಯಾಗಿ ಸುಮಾರು 110 ಚದರ ಸೆಂ.ಮೀ. ಜಾಗದಲ್ಲಿ ಹರಡಿ ಕೂರುತ್ತದೆ, ಒಂದು ಅಂಗೈಗಿಂತ ಜಾಸ್ತಿ. ಆಗ ಮರಳಿನ ಮೇಲೆಯೇ ಉರುಳುತ್ತದೆ. ಮರಳಿನಲ್ಲಿ ನಡೆಯುವ ಒಂಟೆಯ ಪಾದ ನೆನಪಿಸಿಕೊಳ್ಳಿ, ಅದೇ ಲೆಕ್ಕ.

ಹಾಗಾಗಿ ನಮ್ಮ ಬೀಚುಗಳಿಗೆ ಕಡಿಮೆ ಒತ್ತಡದ ಬಲೂನ್ ಚಕ್ರವೇ ಸರಿ. 30 ಸೆಂ.ಮೀ. ಎತ್ತರ, 18ರಿಂದ 20 ಸೆಂ.ಮೀ. ಅಗಲದ್ದು ಒಬ್ಬರ ಕಯಾಕಿಗೆ ಸಾಕು. ಇಬ್ಬರದ್ದಾದರೆ 40 ಸೆಂ.ಮೀ. ಎತ್ತರದ್ದನ್ನು ನೋಡಿ. ಇಡೀ ಗಾಡಿಯಲ್ಲಿ ದುಡ್ಡು ಹೋಗುವುದು ಇದಕ್ಕೇ. ಉಳಿದ ಕಡೆ ಉಳಿಸಿ, ಇಲ್ಲಿ ಉಳಿಸಬೇಡಿ.

ವೀಲ್ ಬ್ಯಾರೋ ಚಕ್ರ ಅಥವಾ ಸೈಕಲ್ ಚಕ್ರ ಹಾಕಿದರೆ?

ಮಣ್ಣಿನ ದಾರಿ, ಡಾಂಬರು, ಸಿಮೆಂಟ್ ಇಳಿಜಾರು, ಇವುಗಳಿಗೆ ವೀಲ್ ಬ್ಯಾರೋ ಚಕ್ರ ತುಂಬಾ ಚೆನ್ನಾಗಿದೆ. ಕಟ್ಟಡದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಪಂಕ್ಚರ್ ಆದರೆ ಊರಲ್ಲೇ ರಿಪೇರಿ. ಗಾಳಿ ಅರ್ಧಕ್ಕಿಂತ ಕಡಿಮೆ ಮಾಡಿದರೆ ಒದ್ದೆ ಮರಳಿನಲ್ಲೂ ಓಡುತ್ತದೆ. ಒಣ ಮರಳಿನಲ್ಲಿ ಒದ್ದಾಡುತ್ತದೆ.

ಸೈಕಲ್ ಚಕ್ರ ದೊಡ್ಡದು, ಕಲ್ಲು ಹಳ್ಳ ಸಲೀಸಾಗಿ ಹತ್ತುತ್ತದೆ. ಆದರೆ ಕಡ್ಡಿಗಳು ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುತ್ತವೆ, ಅಡ್ಡ ಭಾರ ಬಿದ್ದರೆ ಚಕ್ರ ಸೊಟ್ಟಗಾಗುತ್ತದೆ. ಮಡಚಿ ಇಡುವ ಮಾತಂತೂ ದೂರ.

ಬಲೂನ್ ಚಕ್ರಕ್ಕೆ ಗಾಳಿ ಎಷ್ಟು ಹಾಕಬೇಕು?

2ರಿಂದ 4 ಪಿ.ಎಸ್.ಐ. ಚಕ್ರದ ಮೇಲೆ ಏನು ಬರೆದಿದೆಯೋ ಅದನ್ನು ದಾಟಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಕೊಡಲೇಬೇಡಿ, ಎರಡು ಸೆಕೆಂಡಿಗೆ ಉಬ್ಬಿ ಹೊಲಿಗೆ ಬಿಟ್ಟೀತು. ಸೈಕಲ್ ಪಂಪು ಸಾಕು. ಹೆಬ್ಬೆರಳಿನಿಂದ ಒತ್ತಿದರೆ ಹಣ್ಣಾದ ಪಪ್ಪಾಯಿಯ ಹಾಗೆ ಸ್ವಲ್ಪ ಒಳಗೆ ಹೋಗಬೇಕು. ಬೆಳಿಗ್ಗೆ ತಂಪಿನಲ್ಲಿ ತುಂಬಿದ ಗಾಳಿ ಮಧ್ಯಾಹ್ನದ ಬಿಸಿಲಿಗೆ ಹಿಗ್ಗುತ್ತದೆ. ಆದ್ದರಿಂದ ಗಾಡಿಯನ್ನು ದಡದಲ್ಲಿ ಬಿಟ್ಟು ಹೋಗುವುದಾದರೆ ಗಾಳಿಮರದ ನೆರಳಿನಲ್ಲಿ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಇದನ್ನು ಮರೆಯಬೇಡಿ.

ಆಕ್ಸಲಿಗೆ ಎಷ್ಟು ದಪ್ಪದ ರಾಡು ಬೇಕು? ಅಂಗಡಿಯವರು 12 ಮಿ.ಮೀ. ಸಾಕು ಅಂತಾರೆ.

ಸಾಕಾಗುವುದಿಲ್ಲ. ನನ್ನ ಎರಡನೆಯ ಗಾಡಿ ಹೋಗಿದ್ದು ಇದರಿಂದಲೇ. ಚಕ್ರ ಅಗಲವಾದಷ್ಟೂ ಅದರ ನಡು ಫ್ರೇಮಿನಿಂದ ದೂರ ಹೋಗುತ್ತದೆ, ರಾಡಿನ ಮೇಲೆ ಬಾಗಿಸುವ ಬಲ ಜಾಸ್ತಿಯಾಗುತ್ತದೆ. ನಿಂತಾಗ 23 ಕೆ.ಜಿ. ಇದ್ದದ್ದು ಒಂದು ಮೆಟ್ಟಿಲಿನಿಂದ ದಡ್ ಅಂತ ಇಳಿದಾಗ ಎರಡು ಮೂರು ಪಟ್ಟು ಆಗುತ್ತದೆ. ನಾನು ಲೆಕ್ಕ ಹಾಕುವಾಗ ಮೂರು ಪಟ್ಟು ಹಿಡಿಯುತ್ತೇನೆ. ಆ ಲೆಕ್ಕದಲ್ಲಿ 12 ಮಿ.ಮೀ. ಕಬ್ಬಿಣದ ರಾಡು ಬಾಗಿಯೇ ಬಾಗುತ್ತದೆ, 16 ಮಿ.ಮೀ. ತಡೆಯುತ್ತದೆ. ದುಂಡು ರಾಡಿನ ಬಲ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ನಾಲ್ಕೇ ಮಿಲಿಮೀಟರ್ ಜಾಸ್ತಿ ಮಾಡಿದರೂ ಬಲ ಸುಮಾರು 2.4 ಪಟ್ಟು ಆಗುತ್ತದೆ.

ತೂಕಕ್ಕೆ ಹೆದರಬೇಡಿ. ಕಬ್ಬಿಣದ ರಾಡಿನ ತೂಕಕ್ಕೆ ಗಾರೆ ಕೆಲಸದವರ ಹತ್ತಿರ ಒಂದು ಸೂತ್ರ ಇದೆ. ದಪ್ಪವನ್ನು ದಪ್ಪದಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಅಂತ ಬರುತ್ತದೆ. 16 ಮಿ.ಮೀ.ಗೆ ಮೀಟರಿಗೆ 1.58 ಕೆ.ಜಿ. ನಮಗೆ ಬೇಕಾದ್ದು ಮುಕ್ಕಾಲು ಮೀಟರ್, ಅಂದರೆ 1.2 ಕೆ.ಜಿ. ಅಷ್ಟೇ. ಇಬ್ಬರ ಕಯಾಕ್, ಮೇಲಿಂದ ಸಾಮಾನು ಅಂತಾದರೆ 20 ಮಿ.ಮೀ. ಹಾಕಿ.

ರಾಡಿನ ಎರಡೂ ತುದಿಗೆ ತೂತು ಹೊಡೆಸಿ ಪಿನ್ ಹಾಕುವ ಹಾಗೆ ಮಾಡಿಸಿ. ನಟ್ ಬೇಡ. ಮರಳು ಹೊಕ್ಕ ನಟ್ಟನ್ನು ದಡದಲ್ಲಿ ಬಿಚ್ಚುವುದು ದೊಡ್ಡ ಪಾಡು. ಕೈಯಿಂದಲೇ ಎಳೆದು ತೆಗೆಯುವ ಸ್ಪ್ರಿಂಗ್ ಪಿನ್ ಸಿಗುತ್ತದೆ, ಟ್ರ್ಯಾಕ್ಟರಿಗೆ ಹಾಕುವಂಥದ್ದು. ಅದಕ್ಕೊಂದು ದಾರ ಕಟ್ಟಿ ಫ್ರೇಮಿಗೆ ಬಿಗಿದುಬಿಡಿ. ಮರಳಿನಲ್ಲಿ ಬಿದ್ದ ಪಿನ್ ಸಿಗುವುದಿಲ್ಲ, ನಾನು ಎರಡು ಕಳೆದುಕೊಂಡಿದ್ದೇನೆ.

ಬೇರಿಂಗ್ ಹಾಕಿಸಿದರೆ ಹಗುರವಾಗಿ ಓಡುತ್ತೆ ಅಲ್ವಾ?

ಸಿಹಿನೀರಿನಲ್ಲಿ ಹೌದು. ಕಡಲಿಗೆ ಬೇಡ. ಸೀಲ್ ಆದ ಬೇರಿಂಗ್ ಅಂದರೂ ಉಪ್ಪುನೀರಿನಲ್ಲಿ ಮುಳುಗಿಸಿ ಮುಳುಗಿಸಿ ತೆಗೆದರೆ ಒಳಗಿನ ಗುಂಡುಗಳು ತುಕ್ಕು ಹಿಡಿಯುತ್ತವೆ. ಒಂದು ಮಳೆಗಾಲ ಮೂಲೆಯಲ್ಲಿ ಇಟ್ಟು ಅಕ್ಟೋಬರಿನಲ್ಲಿ ತೆಗೆದಾಗ ನನ್ನ ಎಡಗಡೆಯ ಚಕ್ರ ತಿರುಗಲೇ ಇಲ್ಲ. ಬಲ ಹಾಕಿ ತಿರುಗಿಸಿದರೆ ಕರ ಕರ ಅಂತ ಸದ್ದು, ಸಂದಿನಿಂದ ಕಂದು ಬಣ್ಣದ ನೀರು.

ನಡಿಗೆಯ ವೇಗಕ್ಕೆ ಬೇರಿಂಗಿನ ಅಗತ್ಯವೇ ಇಲ್ಲ. ಪ್ಲಾಸ್ಟಿಕ್ ಬುಶ್, ಅಂದರೆ ರಾಡು ತೂರುವ ಸಣ್ಣ ಕೊಳವೆ, ಸಾಕು. ಲೇತ್ ಶಾಪಿನಲ್ಲಿ ನೈಲಾನ್ ಅಥವಾ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕಡ್ಡಿಯಿಂದ ಕಡೆದು ಕೊಡುತ್ತಾರೆ. ನೈಲಾನ್ ನೀರು ಕುಡಿದು ಸ್ವಲ್ಪ ಉಬ್ಬುತ್ತದೆ. ಹಾಗಾಗಿ 16ರ ರಾಡಿಗೆ ಸರಿಯಾಗಿ 16 ಮಿ.ಮೀ. ತೂತು ಹೊಡೆಸಬೇಡಿ, ಅರ್ಧ ಮಿ.ಮೀ. ಸಡಿಲ ಇರಲಿ. ಡೆಲ್ರಿನ್ ಅಷ್ಟು ಉಬ್ಬುವುದಿಲ್ಲ, ಸಿಕ್ಕಿದರೆ ಅದನ್ನೇ ತಗೊಳ್ಳಿ. ಗ್ರೀಸ್ ಹಚ್ಚಬೇಡಿ. ಗ್ರೀಸಿಗೆ ಮರಳು ಅಂಟಿಕೊಂಡು ಅದೇ ಉಜ್ಜುಕಾಗದ ಆಗುತ್ತದೆ.

ಫ್ರೇಮಿಗೆ ಪಿ.ವಿ.ಸಿ. ಪೈಪ್, ಜಿ.ಐ., ಸ್ಟೀಲ್, ಅಲ್ಯುಮಿನಿಯಂ, ಯಾವುದು?

ಪಿ.ವಿ.ಸಿ. ಪೈಪಿನಲ್ಲಿ ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಗರಗಸ, ಸಲ್ಯೂಶನ್, ಒಂದು ಭಾನುವಾರ. ಅಳತೆ ಸರಿಯಿದೆಯಾ ಅಂತ ನೋಡಲು ಮೊದಲು ಇದರಲ್ಲೇ ಒಂದು ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ವರ್ಷಗಟ್ಟಲೆ ಬಾಳುವುದಿಲ್ಲ. ಬಿಸಿಲಿಗೆ ಮೆತ್ತಗಾಗಿ ಬಗ್ಗುತ್ತದೆ, ಬಿಸಿಲು ತಿಂದು ತಿಂದು ಆಮೇಲೆ ಮೊಟ್ಟೆ ಓಡಿನ ಹಾಗೆ ಒಡೆಯುತ್ತದೆ. ಮಾಡುವುದಾದರೆ ದಪ್ಪ ಗೋಡೆಯ ಪೈಪ್ ತಂದು ಮೇಲೆ ಪೇಂಟ್ ಹೊಡೆಯಿರಿ.

ಜಿ.ಐ., ಅಂದರೆ ಸತುವು ಲೇಪಿಸಿದ ಕಬ್ಬಿಣದ ಪೈಪ್, ಗಟ್ಟಿ, ಸುಲಭವಾಗಿ ಸಿಗುತ್ತದೆ. ಅದರ ತೊಂದರೆ ವೆಲ್ಡಿಂಗಿನಲ್ಲಿ. ವೆಲ್ಡ್ ಮಾಡುವಾಗ ಮೇಲಿನ ಸತುವು ಸುಟ್ಟುಹೋಗುತ್ತದೆ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ. ಸತುವು ಹೋದ ಜಾಗದಲ್ಲೇ ತುಕ್ಕು ಶುರು. ಗಾಳಿಯಾಡುವ ಕಡೆ ಮಾಡಿಸಿ, ಜಾಯಿಂಟಿಗೆಲ್ಲ ಸತುವಿನ ಪೇಂಟ್ ಬಳಿಯಿರಿ. ನದಿಗೆ, ಕೆರೆಗೆ ಇದು ಧಾರಾಳ ಸಾಕು.

ಕಡಲಿಗೆ ನಾನು ಒಪ್ಪುವುದು ಸ್ಟೇನ್‌ಲೆಸ್ ಸ್ಟೀಲ್. ಗ್ರಿಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 304 ಅನ್ನುವ ದರ್ಜೆಯದು. ಉಪ್ಪಿಗೆ ಇನ್ನೂ ಚೆನ್ನಾಗಿ ತಡೆಯುವುದು 316, ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ. 304ನ್ನು ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯುವುದಾದರೆ ಸಾಕು ಅನ್ನುವುದು ನನ್ನ ಅನುಭವ. ವೆಲ್ಡಿಂಗ್ ಕಡ್ಡಿಯ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. 304ಕ್ಕೆ 308ಎಲ್ ಕಡ್ಡಿ, 316ಕ್ಕೆ 316ಎಲ್. ನನ್ನ ಎರಡನೆಯ ಗಾಡಿಗೆ ಒಬ್ಬರು ಸಾದಾ ಕಬ್ಬಿಣದ ಕಡ್ಡಿಯಲ್ಲೇ ವೆಲ್ಡ್ ಮಾಡಿಕೊಟ್ಟಿದ್ದರು. ಪೈಪೆಲ್ಲ ಫಳಫಳ ಹೊಳೆಯುತ್ತಿತ್ತು, ಜಾಯಿಂಟುಗಳು ಮಾತ್ರ ಒಂದೇ ತಿಂಗಳಲ್ಲಿ ಕೆಂಪು. ಅಂಗಡಿಯಲ್ಲಿ ನಿಂತು "ಯಾವ ಕಡ್ಡಿ ಹಾಕ್ತೀರಿ?" ಅಂತ ಕೇಳಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಲ್ಯುಮಿನಿಯಂ ಹಗುರ, ಒಳ್ಳೆಯದೇ. ಆದರೆ ಅದಕ್ಕೆ ಸ್ಟೀಲ್ ಬೋಲ್ಟ್ ನೇರವಾಗಿ ಹಾಕಿದರೆ ಉಪ್ಪುನೀರಿನಲ್ಲಿ ಬೋಲ್ಟಿನ ಸುತ್ತ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನಡುವೆ ನೈಲಾನ್ ವಾಷರ್ ಇಡಿ.

ಅಳತೆ ಹೇಳಿ. ಸುಮ್ನೆ ಅಂದಾಜು ಬೇಡ.

ನನ್ನ ಈಗಿನ ಗಾಡಿಯ ಅಳತೆ ಇದು. ಕಯಾಕ್ 11 ಅಡಿ ಉದ್ದ, 78 ಸೆಂ.ಮೀ. ಅಗಲ.

ಒಟ್ಟು ಅಗಲ 75 ಸೆಂ.ಮೀ. ಎರಡು ಚಕ್ರ ತಲಾ 20, ನಡುವೆ 35. ಕಯಾಕಿಗಿಂತ ಗಾಡಿ ಅಗಲವಾಗಿರಬಾರದು ಅಂತ ಬೇಕೆಂದೇ ಹೀಗೆ ಇಟ್ಟೆ. ನಮ್ಮ ಕಡಲ ಬದಿಯ ಓಣಿಗಳು ನಿಮಗೆ ಗೊತ್ತಲ್ಲ, ಒಂದು ಕಡೆ ಚಿರೆಕಲ್ಲಿನ ಪಾಗಾರ, ಇನ್ನೊಂದು ಕಡೆ ಒಣಗಲು ಹಾಕಿದ ಬಲೆ. ಕಯಾಕ್ ಹೋದ ಕಡೆ ಗಾಡಿಯೂ ಹೋಗಬೇಕು. ಇದಕ್ಕಿಂತ ಕಿರಿದು ಮಾಡಿದರೆ ಓರೆ ನೆಲದಲ್ಲಿ ಮಗುಚುತ್ತದೆ.

ಆಕ್ಸಲಿನಿಂದ ಮೇಲೆ ಕಯಾಕ್ ಕೂರುವ ಪಟ್ಟಿಗೆ 20 ಸೆಂ.ಮೀ. ಚಕ್ರದ ಅರ್ಧ ಎತ್ತರ 15, ಅದರ ಮೇಲೆ 5 ಸೆಂ.ಮೀ. ಜಾಗ. ಕಯಾಕಿನ ಹೊಟ್ಟೆ ಚಕ್ರಕ್ಕೆ ತಾಗಬಾರದು. ಜಾಸ್ತಿ ಎತ್ತರ ಮಾಡಿದರೆ ತೂಗಾಡುತ್ತದೆ, ಹಾಗಾಗಿ ತಾಗದಷ್ಟು ಮಾತ್ರ. ಪಟ್ಟಿ ಎರಡು, ಕಯಾಕಿನ ಉದ್ದಕ್ಕೆ ಸಮನಾಗಿ, ಒಂದೊಂದು 45 ಸೆಂ.ಮೀ. ಉದ್ದ. ಎರಡರ ನಡುವೆ 32 ಸೆಂ.ಮೀ.

ಫ್ರೇಮ್ ಅಂದರೆ ಒಂದೇ ಆಕಾರದ ಎರಡು ತ್ರಿಕೋನ, ಒಂದಿಂಚಿನ ಚೌಕ ಪೈಪಿನವು. ತ್ರಿಕೋನದ ಮೇಲಿನ ಅಂಚೇ ಪಟ್ಟಿ, ಕೆಳಗಿನ ಮೂಲೆಯಲ್ಲಿ ಆಕ್ಸಲ್ ತೂರುವ ಬುಶ್. ಎರಡನ್ನೂ ಅಷ್ಟೇ ದೂರದಲ್ಲಿ ಹಿಡಿದಿಡಲು ಮುಂದೊಂದು ಹಿಂದೊಂದು ಅಡ್ಡಪೈಪು, ಅವಕ್ಕೂ ಪಿನ್. ಚೌಕಟ್ಟು ಮಾಡಿದರೆ ಅಲುಗಾಡಿ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಮನೆಯ ಮಾಡಿನ ಕೈಮರ ಕಟ್ಟುವುದೂ ಇದೇ ಕಾರಣಕ್ಕೆ.

ಇದನ್ನೇ ನಕಲು ಮಾಡಬೇಡಿ. ನಿಮ್ಮ ಕಯಾಕಿನ ತಳದ ಕೆಳಗೆ ರಟ್ಟು ಹಿಡಿದು ಆಕಾರ ಕತ್ತರಿಸಿಕೊಳ್ಳಿ. ಕೆಲವಕ್ಕೆ ನಡುವೆ ಏಣು ಇರುತ್ತದೆ, ಕೆಲವಕ್ಕೆ ಎರಡು ಬದಿ ಉಬ್ಬು ಇರುತ್ತದೆ. ರಟ್ಟು ತಗೊಂಡು ವೆಲ್ಡಿಂಗ್ ಶಾಪಿಗೆ ಹೋದರೆ ಅರ್ಧ ಮಾತು ಉಳಿಯುತ್ತದೆ.

ಪಟ್ಟಿಯ ಮೇಲೆ ಮೆತ್ತೆಗೆ ಏನು ಹಾಕಲಿ?

ಎ.ಸಿ. ಪೈಪಿಗೆ ಸುತ್ತುವ ಕಪ್ಪು ರಬ್ಬರ್ ಫೋಮ್ ಕೊಳವೆ. ಸೀಳಿ ಪೈಪಿಗೆ ಹಾಕಿ, ಮೇಲೆ ಹಳೆಯ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ. ಫೋಮ್ ಮೆತ್ತಗೆ, ಟ್ಯೂಬ್ ಜಾರದಂತೆ ಹಿಡಿಯುತ್ತದೆ. ಬರೀ ಸ್ಪಂಜು ಹಾಕಬೇಡಿ, ಉಪ್ಪುನೀರು ಹಿಡಿದಿಟ್ಟುಕೊಂಡು ಪೈಪನ್ನು ಒಳಗಿಂದೊಳಗೆ ತಿನ್ನುತ್ತದೆ.

ಸ್ಕಪರ್ ತೂತಿಗೆ ಕಡ್ಡಿ ತೂರಿಸಿ ನಿಲ್ಲಿಸುವ ಗಾಡಿ ಇದೆಯಲ್ಲ, ಬೆಲ್ಟೇ ಬೇಡ. ಅದು ಒಳ್ಳೆಯದಲ್ವಾ?

ನೋಡಲು ಅನುಕೂಲ. ನನಗೆ ಅದು ಇಷ್ಟವಿಲ್ಲ. ಸ್ಕಪರ್ ತೂತು ಅಂದರೆ ಮೇಲೆ ಬಿದ್ದ ನೀರು ಇಳಿದುಹೋಗಲು ಬಿಟ್ಟ ದಾರಿ. ಭಾರ ಹೊರಲು ಮಾಡಿದ್ದಲ್ಲ. ಇಡೀ ಕಯಾಕಿನ ತೂಕ ಎರಡು ತೂತಿನ ಅಂಚಿನ ಮೇಲೆ ನಿಂತರೆ, ಅದರಲ್ಲೂ ಕಡ್ಡಿಗೆ ಮರಳು ಅಂಟಿದ್ದರೆ, ಉಜ್ಜಿ ಉಜ್ಜಿ ಅಲ್ಲೇ ಬಿರುಕು ಬಿಡುತ್ತದೆ. ಆ ಬಿರುಕು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ನೀರಿನ ನಡುವೆ ಕಯಾಕ್ ಭಾರವಾಗುತ್ತಾ ಹೋದಾಗ ಗೊತ್ತಾಗುತ್ತದೆ. ಆಗಲೇ ನಿಮ್ಮ ಹತ್ತಿರ ಅಂಥ ಗಾಡಿ ಇದ್ದರೆ, ಭಾರ ತಳದ ಮೇಲೆ ಬೀಳುವ ಹಾಗೆ ಅಡ್ಡಪಟ್ಟಿ ಸೇರಿಸಿ. ಕಡ್ಡಿ ಜಾರದಂತೆ ಹಿಡಿಯಲು ಮಾತ್ರ ಇರಲಿ.

ಗಾಡಿಯನ್ನು ಕಯಾಕಿನ ಯಾವ ಭಾಗದಲ್ಲಿ ಇಡಬೇಕು? ನಡುವೆಯಾ, ಹಿಂದೆಯಾ?

ಕಯಾಕನ್ನು ಒಂದು ಬೆಂಚಿನ ಮೇಲೆ ಅಡ್ಡ ಇಟ್ಟು ಎಲ್ಲಿ ಸಮ ತೂಗುತ್ತದೆ ಅಂತ ನೋಡಿ, ಅಲ್ಲಿ ಗುರುತು ಹಾಕಿ. ಆ ಗುರುತಿನಿಂದ ಒಂದಡಿ ಹಿಂದಕ್ಕೆ ಗಾಡಿ ಇಡಿ. 30 ಕೆ.ಜಿ. ಕಯಾಕಿಗೆ ಹೀಗೆ ಮಾಡಿದರೆ ಮುಂದಿನ ಹಿಡಿಕೆಯಲ್ಲಿ ನಿಮ್ಮ ಕೈಗೆ ಬರುವುದು ನಾಲ್ಕೂವರೆ ಕೆ.ಜಿ. ಒಂದು ಸಣ್ಣ ಕೊಡಪಾನ ಹಿಡಿದ ಹಾಗೆ. ಪೂರ್ತಿ ಹಿಂದಿನ ತುದಿಗೆ ಇಟ್ಟರೆ ಅರ್ಧ ತೂಕ, ಅಂದರೆ 15 ಕೆ.ಜಿ. ಕೈಗೇ ಬರುತ್ತದೆ. ಸರಿ ನಡುವೆ ಇಟ್ಟರೆ ಏನೂ ಭಾರ ಇಲ್ಲ, ಆದರೆ ಪ್ರತಿ ಗುಂಡಿಗೂ ಏತದ ಹಾಗೆ ಮೇಲೆ ಕೆಳಗೆ ಆಡುತ್ತದೆ. ಸಾಮಾನನ್ನೆಲ್ಲ ಹಿಂದೆ ತುಂಬಿದರೆ ಲೆಕ್ಕ ಬದಲಾಗುತ್ತದೆ, ಗಾಡಿಯನ್ನು ಇನ್ನೊಂದು ಗೇಣು ಹಿಂದಕ್ಕೆ ಸರಿಸಿ.

ಬಿಗಿಯಲು ಹಗ್ಗ ಸಾಕಾ?

ಕತ್ತದ ಹಗ್ಗ ಜಾರುವುದಿಲ್ಲ, ಆದರೆ ತಳ ಉಜ್ಜುತ್ತದೆ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗಿ ಸಡಿಲವಾಗುತ್ತದೆ. ಒಂದಿಂಚು ಅಗಲದ ಪಾಲಿಯೆಸ್ಟರ್ ಬೆಲ್ಟು, ಒತ್ತಿದರೆ ಬಿಡುವ ಬಕಲಿನದು, ಎರಡು ತಗೊಳ್ಳಿ. ಲಾರಿಗೆ ಬಿಗಿಯುವ ಕಟಕಟ ಎನ್ನುವ ರ‍್ಯಾಚೆಟ್ ಬೆಲ್ಟ್ ಬೇಡ. ಅದರ ಬಲಕ್ಕೆ ಬಿಸಿಲಲ್ಲಿ ಮೆತ್ತಗಾದ ಪ್ಲಾಸ್ಟಿಕ್ ತಗ್ಗಾಗುತ್ತದೆ. ಹಾಗೆ ತಗ್ಗಾದರೆ ಬೆಲ್ಟ್ ತೆಗೆದು, ಭಾರವಿಲ್ಲದೆ ಬಿಸಿಲಿನಲ್ಲಿ ಇಡಿ. ಎಷ್ಟೋ ಸಲ ತಾನೇ ಎದ್ದುಬರುತ್ತದೆ.

ಒಂದು ಬೆಲ್ಟ್ ಕಯಾಕನ್ನೂ ಗಾಡಿಯನ್ನೂ ಸುತ್ತಿ ಬರಲಿ. ಇನ್ನೊಂದು ಮುಖ್ಯ, ಹೆಚ್ಚಿನವರು ಅದನ್ನೇ ಬಿಡುತ್ತಾರೆ. ಗಾಡಿಯ ಫ್ರೇಮಿನಿಂದ ಕಯಾಕಿನ ಸೀಟಿನ ಕೊಂಡಿಗೆ, ಮುಂದಕ್ಕೆ ಎಳೆದು ಕಟ್ಟಿ. ಏರು ಹತ್ತುವಾಗ ಚಕ್ರ ಒಂದು ಕಲ್ಲಿಗೆ ತಡೆಯಿತು ಅಂದರೆ ಕಯಾಕ್ ಮುಂದೆ ಬರುತ್ತದೆ, ಗಾಡಿ ಹಿಂದೆ ಉಳಿಯುತ್ತದೆ. ಎರಡನೆಯ ಬೆಲ್ಟ್ ಇದ್ದರೆ ಉಳಿಯುವುದಿಲ್ಲ.

ಒಬ್ಬನೇ ಇದ್ದಾಗ ಕಯಾಕನ್ನು ಗಾಡಿಗೆ ಏರಿಸುವುದು ಹೇಗೆ? ಗಾಡಿ ಪಲ್ಟಿ ಹೊಡೆಯುತ್ತೆ.

ಫ್ರೇಮಿನ ಹಿಂದೆ ಮಡಚುವ ಒಂದು ಕಾಲು ಹಾಕಿಸಿ, ಸೈಕಲ್ ಸ್ಟ್ಯಾಂಡ್ ಥರ. ಅದರ ತುದಿಗೆ ಒಂದು ಅಗಲ ತಟ್ಟೆ ಬೆಸೆಯಿಸಿ, ಇಲ್ಲದಿದ್ದರೆ ಮರಳಿನಲ್ಲಿ ಇಳಿದುಹೋಗುತ್ತದೆ.

ಆಮೇಲೆ ಹೀಗೆ ಮಾಡಿ. ಕಯಾಕಿನ ಹಿಂದಿನ ತುದಿ ನೆಲದಲ್ಲಿರಲಿ. ಮುಂದಿನ ತುದಿ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಕಾಲಿನಿಂದ ಗಾಡಿಯನ್ನು ಕೆಳಗೆ ತಳ್ಳಿ, ಗುರುತು ಬರುವವರೆಗೆ ಹಿಂದಕ್ಕೆ ಸರಿಸಿ, ಇಳಿಸಿ. ಇಡೀ ಕಯಾಕ್ ಎತ್ತುವ ಪ್ರಸಂಗವೇ ಇಲ್ಲ. ಮೊದಲು ಬೆಲ್ಟನ್ನು ಗಾಡಿಯ ಮೇಲೆ ಹರಡಿಟ್ಟಿರಿ.

ಇಳಿಸುವುದು ಇನ್ನೂ ಸುಲಭ. ಬಲೂನ್ ಚಕ್ರ ಒಂದೊಂದರಲ್ಲೂ ಎಂಟು ಹತ್ತು ಲೀಟರ್ ಗಾಳಿ ಇರುತ್ತದೆ, ಆರು ಕೆ.ಜಿ.ಯ ಗಾಡಿ ಅದರಿಂದಲೇ ತೇಲುತ್ತದೆ. ತೊಡೆಮಟ್ಟ ನೀರಿಗೆ ತಳ್ಳಿ ಬೆಲ್ಟ್ ಬಿಟ್ಟರೆ ಗಾಡಿ ತಾನೇ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಕಾಳಿ ನದಿಯ ಹಿನ್ನೀರಿನಂಥ ಶಾಂತ ಕಡೆ ಮಾತ್ರ ಇದು. ಅಲೆ ಇರುವಲ್ಲಿ ಮಾಡಬೇಡಿ, ಗಾಡಿ ಬಂದು ಮೊಣಕಾಲಿಗೆ ಬಡಿಯುತ್ತದೆ.

ಒಣ ಮರಳಿನಲ್ಲಿ ಎಷ್ಟು ಒಳ್ಳೆಯ ಚಕ್ರವಾದರೂ ಸುಸ್ತಾಗುತ್ತದೆ. ಏನಾದರೂ ಉಪಾಯ?

ದಾರಿ ಆರಿಸಿಕೊಳ್ಳಿ. ಬೀಚಿನಲ್ಲಿ ಮೂರು ಥರದ ಮರಳಿದೆ. ಮೇಲಿನದು ಒಣ, ಸಡಿಲ. ನಡುವಿನದು ತೇವ, ಅಲ್ಲಿ ಕಣಗಳ ನಡುವಿನ ತೆಳು ನೀರು ಕಣಗಳನ್ನು ಹಿಡಿದಿಟ್ಟು ನೆಲ ಗಟ್ಟಿಯಾಗಿರುತ್ತದೆ. ನೀರಿನ ಅಂಚಿನದು ಪೂರ್ತಿ ನೆನೆದು ಮತ್ತೆ ಮೆತ್ತಗೆ. ಒಣ ಮರಳನ್ನು ಅತಿ ಕಡಿಮೆ ದೂರದಲ್ಲಿ, ನೇರ ದಾಟಿ. ತೇವದ ಪಟ್ಟಿ ಸಿಕ್ಕಿದ ಮೇಲೆ ಅದರ ಮೇಲೆಯೇ ಎಷ್ಟು ದೂರ ಬೇಕಾದರೂ ಹೋಗಿ. ಹುಡುಗರು ಕ್ರಿಕೆಟ್ ಆಡುವುದು ಅಲ್ಲೇ ಅಲ್ವಾ, ಚೆಂಡು ಪುಟಿಯುವ ನೆಲ ಗಾಡಿಗೂ ಒಳ್ಳೆಯದು.

ಭರತ-ಇಳಿತ, ಅಂದರೆ ಕಡಲ ನೀರಿನ ಏರಿಳಿತ, ನೋಡಿಕೊಳ್ಳಿ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ತುಂಬಾ ಹಿಂದೆ ಸರಿಯುತ್ತದೆ, ನಡೆಯುವ ದೂರ ಜಾಸ್ತಿ. ಬೆಳಿಗ್ಗೆ ಇಳಿತದಲ್ಲಿ ಗಾಡಿಯನ್ನು ನೀರಿನ ಹತ್ತಿರ ಬಿಟ್ಟು ಹೋದರೆ ಮರಳಿ ಬರುವಾಗ ಅದು ಇರುವುದಿಲ್ಲ. ಹಳೆಯ ಕಸ, ಗಾಳಿಮರದ ಕಾಯಿ ಸಾಲಾಗಿ ಬಿದ್ದಿರುವ ಗೆರೆ ಕಾಣುತ್ತದಲ್ಲ, ಅದಕ್ಕಿಂತ ಮೇಲೆ ಇಡಿ.

ಅಘನಾಶಿನಿ ಕಡೆ ಮರಳಲ್ಲ, ಕೆಸರು. ಅಲ್ಲಿ?

ಇಳಿತದಲ್ಲಿ ಆ ಕೆಸರಿಗೆ ಯಾವ ಗಾಡಿಯನ್ನೂ ಇಳಿಸಬೇಡಿ. ಮೊಣಕಾಲಿನವರೆಗೆ ಹೂಳುತ್ತದೆ, ಕೆಸರಿನೊಳಗೆ ಚಿಪ್ಪು ಇರುತ್ತದೆ. ಚಿಪ್ಪಿನ ಅಂಚು ಬಲೂನ್ ಚಕ್ರವನ್ನು ಬ್ಲೇಡಿನ ಹಾಗೆ ಸೀಳುತ್ತದೆ, ಕಾಲನ್ನೂ ಬಿಡುವುದಿಲ್ಲ. ಭರತ ಏರುವವರೆಗೆ ಕಾಯಿರಿ. ಗಟ್ಟಿ ದಡ ಅಥವಾ ಧಕ್ಕೆ (ದೋಣಿ ನಿಲ್ಲುವ ಕಟ್ಟೆ) ಇರುವ ಕಡೆಯಿಂದಲೇ ಇಳಿಯಿರಿ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರವೂ ಇದೇ ಮಾತು. ಅಲ್ಲಿ ಬೇರುಗಳು ಗೂಟದ ಹಾಗೆ ಮೇಲೆದ್ದಿರುತ್ತವೆ, ಅವುಗಳ ಮೇಲೆ ಗಾಡಿ ಹಾಯಿಸಬೇಡಿ. ಚಕ್ರಕ್ಕಿಂತ ಮೊದಲು ಗಿಡಕ್ಕೆ ಪೆಟ್ಟು.

ನಾನು ಶಿರಸಿಯವ. ಇಲ್ಲಿ ಮರಳೇ ಇಲ್ಲ, ಅಷ್ಟೆಲ್ಲ ಖರ್ಚು ಯಾಕೆ?

ಬೇಡವೇ ಬೇಡ. ಕೆರೆ, ಹೊಳೆಗೆ ತೋಟದ ದಾರಿಯಲ್ಲಿ ಹೋಗುವುದಾದರೆ ವೀಲ್ ಬ್ಯಾರೋ ಚಕ್ರ, ಜಿ.ಐ. ಫ್ರೇಮ್, ಅದೇ 16 ಮಿ.ಮೀ. ರಾಡು. ಚಕ್ರ ದೊಡ್ಡದಿರಲಿ, ಚಿರೆಕಲ್ಲಿನ ಮೆಟ್ಟಿಲು, ಬೇರು, ಕಾಲುವೆ ದಾಟಲು ಎತ್ತರ ಬೇಕು. ತೋಟದ ಸಂಕ (ಕಾಲುಸೇತುವೆ) ಕಿರಿದಾಗಿದ್ದರೆ ಮೊದಲು ಅದನ್ನು ಅಳೆಯಿರಿ, ಗಾಡಿಯ ಅಗಲ ಅದರಿಂದ ನಿರ್ಧಾರವಾಗುತ್ತದೆ. ರಜೆಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವ ಅಭ್ಯಾಸ ಇದ್ದರೆ ಫ್ರೇಮ್ ಒಂದೇ ಇಟ್ಟುಕೊಂಡು ಚಕ್ರ ಎರಡು ಜೊತೆ ಮಾಡಿಕೊಳ್ಳಿ, ತೋಟಕ್ಕೊಂದು, ಕಡಲಿಗೊಂದು. ರಾಡು ಮಾತ್ರ ಅಗಲ ಚಕ್ರಗಳಿಗೆ ಸರಿಹೊಂದುವಷ್ಟು ಉದ್ದ ಇರಲಿ, ಕಿರಿದು ಚಕ್ರ ಹಾಕಿದಾಗ ಉಳಿದ ಜಾಗಕ್ಕೆ ಪೈಪಿನ ತುಂಡು ತೂರಿಸಿ.

ಬಿಚ್ಚಿದ ಗಾಡಿಯನ್ನು ನೀರಿನ ಮೇಲೆ ಒಯ್ಯಬಹುದಾ?

ಖಂಡಿತ. ಪಿನ್ ಎಳೆದರೆ ಚಕ್ರ ಎರಡು, ತ್ರಿಕೋನ ಎರಡು, ರಾಡು ಒಂದು, ಅಡ್ಡಪೈಪು ಎರಡು. ನನಗೆ ಬಿಚ್ಚಲು ಎರಡು ನಿಮಿಷ. ದೇವಬಾಗದ ಕಡೆ ಹೋಗಿ ಬೇರೆ ದಡದಲ್ಲಿ ಹತ್ತುವುದಾದರೆ ಹಿಂದಿನ ಸಾಮಾನು ಕಟ್ಟುವ ಜಾಗದಲ್ಲಿ ಕಟ್ಟುತ್ತೇನೆ. ರಾಡು ಮತ್ತು ಫ್ರೇಮ್ ತಳಕ್ಕೆ, ಚಕ್ರ ಮೇಲೆ. ಭಾರ ಕೆಳಗಿದ್ದಷ್ಟೂ ಕಯಾಕ್ ಓಲಾಡುವುದಿಲ್ಲ. ಏನೇ ಕಟ್ಟಿದರೂ ಮಗುಚಿದಾಗ ಮತ್ತೆ ಹತ್ತಲು ಅಡ್ಡ ಬರಬಾರದು, ನೇತಾಡುವ ಬೆಲ್ಟ್ ಕಾಲಿಗೆ ಸಿಗಬಾರದು.

ಸ್ಕೂಟರಿಗೆ ಕಟ್ಟಿ ಎಳೆಯಬಹುದಾ?

ಬೇಡ. ಇದು ನಡಿಗೆಯ ಗಾಡಿ. ಬುಶ್ ಬಿಸಿಯಾಗಿ ಕರಗುತ್ತದೆ, ಬಲೂನ್ ಚಕ್ರ ಆ ವೇಗಕ್ಕೆ ಮಾಡಿದ್ದಲ್ಲ. ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಹನ್ನೊಂದು ಅಡಿಯ ಕಯಾಕ್ ಅಡ್ಡಾದಿಡ್ಡಿ ಬರುವುದನ್ನು ಊಹಿಸಿಕೊಳ್ಳಿ.

ಎಷ್ಟು ದಿನಕ್ಕೊಮ್ಮೆ ನೋಡಿಕೊಳ್ಳಬೇಕು?

ಪ್ರತಿ ಸಲ ಬಂದ ಕೂಡಲೇ ಸಿಹಿನೀರು. ಒಂದು ಬಕೆಟ್ ಸಾಕು, ಪೈಪಿನ ಒಳಗೂ ಹೋಗಬೇಕು. ಪೈಪಿನ ತುದಿ ಮುಚ್ಚಿದ್ದರೆ ಕೆಳಗೆ ಸಣ್ಣ ತೂತು ಹೊಡೆದಿಡಿ, ಒಳಗೆ ನಿಂತ ಉಪ್ಪುನೀರು ಹೊರಗೆ ಹೋಗಲಿ. ಬಕಲನ್ನು ನೀರಿನಲ್ಲಿ ಮುಳುಗಿಸಿ ನಾಲ್ಕು ಸಲ ಒತ್ತಿ ಬಿಡಿ. ಕಯಾಕನ್ನು ದಿನಗಟ್ಟಲೆ ಗಾಡಿಯ ಮೇಲೆಯೇ ಬಿಡಬೇಡಿ, ಪಟ್ಟಿಯ ಅಚ್ಚು ತಳದಲ್ಲಿ ಉಳಿಯುತ್ತದೆ.

ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ಮೀನುಗಾರರು ಬಲೆ ಹೊಲಿಯುತ್ತಾರೆ, ದೋಣಿ ರಿಪೇರಿ ಮಾಡುತ್ತಾರೆ. ಕಡಲು ಹಾಗಿರುವಾಗ ನಾವೂ ಕಯಾಕ್ ಇಳಿಸಬಾರದು. ನಾನು ಗಾಡಿ ಪೂರ್ತಿ ಬಿಚ್ಚುವುದು ಅದೇ ಸಮಯದಲ್ಲಿ. ಬುಶ್ ಸವೆದಿದೆಯಾ ನೋಡುತ್ತೇನೆ, ಫೋಮ್ ಬಿಚ್ಚಿ ಕೆಳಗಿನ ಪೈಪ್ ಒರೆಸುತ್ತೇನೆ, ಚಕ್ರದ ಅರ್ಧ ಗಾಳಿ ತೆಗೆದು ಮನೆಯೊಳಗೆ ತೂಗುಹಾಕುತ್ತೇನೆ.

ಹೊಸ ಗಾಡಿ ತಯಾರಾಯಿತು. ನೀರಿಗೆ ಒಯ್ಯುವ ಮೊದಲು ಪರೀಕ್ಷೆ ಹೇಗೆ?

ಮನೆಯಲ್ಲೇ ಮಾಡಿ. 20 ಲೀಟರಿನ ಮೂರು ನೀರಿನ ಕ್ಯಾನು ತುಂಬಿ ಗಾಡಿಯ ಮೇಲೆ ಬಿಗಿಯಿರಿ, 60 ಕೆ.ಜಿ. ಆಯಿತು. ಜಗುಲಿಯ ಒಂದು ಮೆಟ್ಟಿಲಿನಿಂದ ಹತ್ತು ಸಲ ಇಳಿಸಿ, ಹತ್ತಿಸಿ. ಒಂದು ಚಕ್ರ ಮಾತ್ರ ಇಳಿಯುವ ಹಾಗೂ ಮಾಡಿ, ನಿಜವಾದ ದಾರಿಯಲ್ಲಿ ಆಗುವುದು ಹಾಗೆಯೇ. ಆಮೇಲೆ ಜಾಯಿಂಟುಗಳನ್ನು ಬೆರಳಿನಿಂದ ಸವರಿ ನೋಡಿ, ಕೂದಲಿನಷ್ಟು ಬಿರುಕು ಇದ್ದರೂ ಉಗುರಿಗೆ ಸಿಗುತ್ತದೆ. ಕೊನೆಗೆ ಆಕ್ಸಲ್ ಹೊರಗೆ ಎಳೆದು ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಉರುಳಿಸಿ. ಎಲ್ಲಿಯಾದರೂ ಬಾಗಿದ್ದರೆ ಟಕ್ ಟಕ್ ಅನ್ನುತ್ತದೆ, ಕೆಳಗೆ ಬೆಳಕು ಕಾಣುತ್ತದೆ. ಸದ್ದಿಲ್ಲದೆ ಈ ತುದಿಯಿಂದ ಆ ತುದಿಗೆ ಉರುಳಿದರೆ ಮರುದಿನ ಬೆಳಿಗ್ಗೆ ಇಳಿತದ ಹೊತ್ತು ನೋಡಿಕೊಂಡು ಹೊರಡಿ.